ಎಂಬತ್ತೈದು ಹರ್ಟ್ಸಿನ ಕೆಳಗೆ

ಕರಿಗುಡ್ಡ ನಗರದಲ್ಲಿ ಆ ಸೋಮವಾರ ಮುಂಜಾನೆ ಮೊದಲು ಕಾಣೆಯಾದದ್ದು ದುರುಗವ್ವನ ಕಸಬರಿಗೆಯ ಸದ್ದು.

ಪ್ರಶಾಂತ ಬಡಾವಣೆಯ ಅಡ್ಡರಸ್ತೆಯಲ್ಲಿ ಆಕೆ ಎಂದಿನಂತೆ ಬಗ್ಗಿ ಕಸಬರಿಗೆ ಎಳೆದಳು. ಎಲೆಗಳು ಸರಿದವು, ಧೂಳೆದ್ದಿತು, ಸರಕ್ಕೆಂಬ ಸದ್ದು ಮಾತ್ರ ಬರಲಿಲ್ಲ. ಕಿವಿ ಕಟ್ಟಿರಬೇಕೆಂದು ಮೂಗು ಹಿಡಿದು ಊದಿದಳು. ಎದುರಿಗೆ ಹಾಲಿನವನು ಸೈಕಲ್ಲಿನ ಗಂಟೆ ಒತ್ತುತ್ತಿದ್ದ. ಹೆಬ್ಬೆರಳು ಆಡುತ್ತಿತ್ತು, ಗಂಟೆ ಮೂಕವಾಗಿತ್ತು. ತಂತಿಯ ಮೇಲೆ ಕೂತ ಕಾಗೆಯೊಂದು ಬಾಯಿ ತೆರೆದು ಮುಚ್ಚಿತು, ಮತ್ತೆ ತೆರೆದು ಮುಚ್ಚಿತು, ಕೊನೆಗೆ ತನ್ನ ಮೇಲೇ ಅನುಮಾನ ಬಂದಂತೆ ಕತ್ತು ಓರೆ ಮಾಡಿತು.

ನಗರಸಭೆಯವರು ಊರಿನ ಗೋಡೆಗಳಿಗೆಲ್ಲ ಬಳಿಸಿದ್ದ ಬೂದು ಬಣ್ಣ ಅಂದು ಚಾಲೂ ಆಗಿತ್ತು.

ಅದರ ಹೆಸರು ಪ್ರಶಾಂತಿ ಲೇಪ. ಸಾಸಿವೆಗಿಂತ ಸಣ್ಣ ಕಣಗಳು. ಪ್ರತಿ ಕಣಕ್ಕೂ ಒಂದು ಕಿವಿ, ಒಂದು ಬಾಯಿ. ಗಾಳಿಯಲ್ಲಿ ಬಂದ ಸದ್ದಿನ ಅಲೆಯನ್ನು ಕೇಳಿಸಿಕೊಂಡು ಆ ಕ್ಷಣವೇ ಅದರ ತದ್ವಿರುದ್ಧ ಅಲೆಯನ್ನು ಹೊರಡಿಸುವುದು ಕಣದ ಕೆಲಸ. ಒಂದು ಏರುವಲ್ಲಿ ಇನ್ನೊಂದು ಇಳಿಯುತ್ತದೆ, ಒಂದು ಇಳಿಯುವಲ್ಲಿ ಇನ್ನೊಂದು ಏರುತ್ತದೆ. ಎರಡೂ ಕೂಡಿದರೆ ಸೊನ್ನೆ. ಯಾವ ಸದ್ದನ್ನು ನುಂಗಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಿಯಂತ್ರಣ ಕೊಠಡಿಯ ಯಂತ್ರಕ್ಕೆ ಒಂದು ಸಾಲಿನಲ್ಲಿ ಹೇಳಿಕೊಟ್ಟರೆ ಸಾಕು. ಅದು ಆದೇಶ ಪಾಲಿಸುವ ಜಾತಿ, ಪ್ರಶ್ನೆ ಕೇಳುವ ಜಾತಿಯಲ್ಲ.

ಈ ಲೇಪ ಬಂದದ್ದು ಡೊಳ್ಳಿನ ಸಲುವಾಗಿ. ಬಡಾವಣೆಯ ಬೆನ್ನಿಗೆ ಅಂಟಿಕೊಂಡ ಕಂಬಳಿ ಓಣಿಯಲ್ಲಿ ಊರು ಗುಡಿಸುವ ಹೆಣ್ಣುಮಕ್ಕಳು ಒಂದು ಡೊಳ್ಳಿನ ಮೇಳ ಕಟ್ಟಿದ್ದರು. ಕುರುಬರ ಮುದುಕಪ್ಪನೊಬ್ಬ ಕಲಿಸಿದ್ದ. 'ಇವರ ಹೆಗಲಿಗೆ ಡೊಳ್ಳೇ' ಎಂದು ಮೂಗು ಮುರಿದವರ ಮುಂದೆಯೇ ಅವರು ಡೊಳ್ಳು ಹೊತ್ತು ಕುಣಿದಿದ್ದರು. ಮೇಳದ ಯಜಮಾನಿ ದುರುಗವ್ವ. ಇಡೀ ದಿನ ಬಗ್ಗಿದ ನಡು ಸಂಜೆ ಡೊಳ್ಳು ಕಟ್ಟಿಕೊಂಡಾಗಲೇ ನೆಟ್ಟಗಾಗುವುದು ಎನ್ನುತ್ತಿದ್ದಳು.

ನೆಟ್ಟಗಾದ ನಡು ಕೆಲವರ ಕಣ್ಣಿಗೆ ಬೀಳುತ್ತದೆ. ಬಡಾವಣೆಯ ಹಿತರಕ್ಷಣಾ ಸಂಘದ ಅಧ್ಯಕ್ಷೆ, ನಿವೃತ್ತ ಸಂಗೀತ ಶಿಕ್ಷಕಿ ವಿಮಲಾಬಾಯಿ ದೇಶಪಾಂಡೆ ನಗರಸಭೆಗೆ ದೂರು ಕೊಟ್ಟರು. 'ಸಂಜೆಯ ಈ ಡೊಳ್ಳು ಬರೀ ಸದ್ದಲ್ಲ; ಅದು ಓಣಿಯವರು ನಮ್ಮ ವಿರುದ್ಧ ದಿನಾ ಸಲ್ಲಿಸುವ ಆಕ್ಷೇಪಣೆ' ಎಂದು ಬರೆದರು. ಅಧಿಕಾರಿ ಇನಾಮದಾರ ಸಾಹೇಬರಿಗೆ ಆ ವಾಕ್ಯ ಎಷ್ಟು ಹಿಡಿಸಿತೆಂದರೆ ಅದನ್ನು ಇಡಿಯಾಗಿ ಎತ್ತಿ ಆದೇಶದ ಮುನ್ನುಡಿಗೆ ಹಾಕಿಕೊಂಡರು. ಅದರ ಕೆಳಗೆ ಆದೇಶ: 'ಆದ್ದರಿಂದ ಎಂಬತ್ತೈದು ಹರ್ಟ್ಸ್ ಮೀರಿದ ಯಾವುದೇ ಶಬ್ದವನ್ನು ಲೇಪವು ನುಂಗತಕ್ಕದ್ದು.'

ಯಂತ್ರ ಅದನ್ನು ಅಕ್ಷರಶಃ ಪಾಲಿಸಿತು.

ನಿಯಂತ್ರಣ ಕೊಠಡಿಗೆ ಮಾತ್ರ ಲೇಪ ಬಳಿದಿರಲಿಲ್ಲ. ಆದೇಶ ಕೊಡುವವರಿಗೆ ಮಾತು ಬೇಕಲ್ಲ. ಅಲ್ಲಿ ಪಾಳಿಯ ಮೇಲಿದ್ದ ಎಂಜಿನಿಯರ್ ಕಸ್ತೂರಿ, ದುರುಗವ್ವನ ಮಗಳು. ಪರದೆಯ ಮೇಲೆ ಊರಿನ ಸದ್ದೆಲ್ಲ ಗೆರೆಗೆರೆಯಾಗಿ ಅಳಿಯುವುದನ್ನು ಕಂಡು ಆಕೆ ಸಾಹೇಬರ ಮೇಜಿಗೆ ಓಡಿದಳು.

"ಸರ್, ಆದೇಶದಾಗ ತಪ್ಪಾಗೇತ್ರಿ. ಡೆಸಿಬಲ್ ಅಂತ ಇರಬೇಕಿತ್ತು."

"ಮೊದಲನೇ ಕರಡಿನ್ಯಾಗ ಹಂಗ ಇತ್ತಲ್ಲ," ಎಂದರು ಇನಾಮದಾರ, ಚಹಾದ ಕಪ್ಪನ್ನು ತಟ್ಟೆಯ ಮೇಲಿಡುತ್ತ. "ನಾನ ತಿದ್ದಿದೆ. ಡೆಸಿಬಲ್ ಅಂದ್ರ ಎಲ್ಲಾರಿಗೂ ಗೊತ್ತು. ಹರ್ಟ್ಸ್ ಅಂದ್ರ ಒಂದು ವಜನ ಬರತದ."

"ವಜನಕ್ಕ ಕಿಲೋ ಅಂತ ಬರೀಬಹುದಿತ್ತಲ್ರಿ ಸರ್!" ಕಸ್ತೂರಿಯ ಬಾಯಿಂದ ಜಾರಿಯೇ ಹೋಯಿತು. "ಸದ್ದು ಎಷ್ಟು ಗಟ್ಟಿ ಅನ್ನೂದಕ್ಕ ಡೆಸಿಬಲ್ ರೀ. ಒಂದು ಸೆಕೆಂಡಿನಾಗ ಎಷ್ಟು ಸಲ ಕಂಪಿಸತೈತಿ ಅನ್ನೂದು ಹರ್ಟ್ಸ್. ಹೆಣ್ಣಮಕ್ಕಳ ದನಿ ಸುಮಾರು ಇನ್ನೂರು ಹರ್ಟ್ಸ್. ಗಂಡಸರದು ನೂರು, ನೂರಿಪ್ಪತ್ತು. ಕುಕ್ಕರ್ ಶಿಟಿ ಸಾವಿರಗಟ್ಟಲೆ ಹರ್ಟ್ಸ್. ಪಿಸುಮಾತಿಂದ ಹಿಡಿದು ಎಲ್ಲಾನೂ ಎಂಬತ್ತೈದರ ಮ್ಯಾಲ ಅದಾವು. ಎಲ್ಲಾನೂ ನುಂಗೇತಿ."

ಸಾಹೇಬರು ಕಿಟಕಿಯಾಚೆ ನೋಡಿದರು. ಅವರ ಕಾರಿನ ಚಾಲಕ ಯಾರಿಗೋ ಕೈಕಾಲು ಬಡಿದು ಏನನ್ನೋ ವಿವರಿಸುತ್ತಿದ್ದ.

"ಆದೇಶ ಹೊರಗ ಬಿದ್ದದ. ಇನ್ನ ತಿದ್ದಲಿಕ್ಕೆ ನಾನ್ಯಾರು? ಶನಿವಾರ ಅಹವಾಲು ಸಭೆ ಅದ. ಅಲ್ಲಿ ಆಕ್ಷೇಪಣೆ ಕೇಳಿಬಂದ್ರ ಹಿಂದಕ್ಕ ತೊಗೋತೀವಿ. ಕೇಳಿಬರದಿದ್ರ ಖಾಯಂ."

"ಸಭಾಭವನಕ್ಕೂ ಲೇಪ ಬಳದಾರಲ್ರಿ ಸರ್. ಕೇಳಿಬರೂದು ಹೆಂಗ್ರಿ?"

"ಅದು ನಿಯಮದಾಗ ಇಲ್ಲ."

ನಿಯಮವನ್ನು ಬರೆಸಿದವನೇನೋ ಪುಣ್ಯಾತ್ಮನೇ. ಅಕ್ಷರ ಬಾರದವರಿಗೂ ನ್ಯಾಯ ಸಿಗಲೆಂದು, ಆಕ್ಷೇಪಣೆಯನ್ನು ಕಾಗದದಲ್ಲಿ ಕೊಡುವಂತಿಲ್ಲ, ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಬೇಕು ಎಂದಿದ್ದ. ಬಡವರಿಗೆಂದು ಇಟ್ಟ ಬಾಗಿಲಿಗೇ ಹೊರಗಿನಿಂದ ಚಿಲಕ ಹಾಕುವ ಕಲೆ ನಮ್ಮ ಕಚೇರಿಗಳಿಗೆ ಯಾರೂ ಕಲಿಸಬೇಕಾಗಿಲ್ಲ.

ಸಂಜೆ ಕಸ್ತೂರಿ ಮನೆಗೆ ಬಂದಾಗ ತೊಟ್ಟಿಲಲ್ಲಿ ಆಕೆಯ ಕೂಸು ಅಳುತ್ತಿತ್ತು. ಕೆಂಪಗಾದ ಮುಖ, ತೆರೆದ ಬಾಯಿ, ಕೆನ್ನೆ ತುಂಬ ನೀರು. ಸದ್ದು ಮಾತ್ರ ಇಲ್ಲ. ಅತ್ತ ಒಲೆಯ ಮುಂದೆ ಬೆನ್ನು ಮಾಡಿ ಕೂತ ದುರುಗವ್ವನಿಗೆ ಗೊತ್ತೇ ಆಗಿರಲಿಲ್ಲ. ಮಗಳ ನೆರಳು ಕಂಡು ತಿರುಗಿದವಳು ಎದೆ ಬಡಿದುಕೊಂಡು ಎದ್ದಳು, ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಕೂಸನ್ನೆತ್ತಿ, ಅದರ ನೆತ್ತಿಗೆ ಗದ್ದ ಊರಿ, ರೂಢಿಯಂತೆ ಜೋಗುಳ ಹಾಡಿದಳು. ಕೇಳದ ಜೋಗುಳ. ತುಟಿ ಆಡಿತಷ್ಟೆ.

ಕೂಸು ಸುಮ್ಮನಾಯಿತು. ಕಣ್ಣರಳಿಸಿ ಯಾವುದನ್ನೋ ಆಲಿಸಿತು.

ಕಸ್ತೂರಿ ನಿಂತಲ್ಲೇ ನಿಂತಳು. ಆಮೇಲೆ ಮೆಲ್ಲಗೆ ಹೋಗಿ ತನ್ನ ಹಣೆಯನ್ನು ಅವ್ವನ ಹಣೆಗೆ ಒತ್ತಿದಳು. ತಲೆಬುರುಡೆಯ ಒಳಗಿನಿಂದಲೇ ಎದ್ದು ಬಂದಂತೆ ಹಾಡು ಕೇಳಿಸಿತು.

"ಅವ್ವಾ, ನೀ ಹಾಡಾಕತ್ತಿದ್ದು ನನಗ ಕೇಳತೈತಿ!"

"ಕೇಳಿದ್ರ ಕೇಳಲಿ, ಒದರಬ್ಯಾಡ, ಕೂಸು ನಿದ್ದಿಗೆ ಜಾರಾಕತ್ತೈತಿ," ಎಂದಿತು ಅವ್ವನ ಹಣೆ.

ಲೇಪ ನುಂಗುವುದು ಗಾಳಿಯಲ್ಲಿ ಹೋಗುವ ಸದ್ದನ್ನು. ಎಲುಬಿನಿಂದ ಎಲುಬಿಗೆ ದಾಟುವುದು ಅದರ ಕೈಗೆ ಸಿಗುವುದಿಲ್ಲ. ಇಷ್ಟು ಗೊತ್ತಾದದ್ದೇ ತಡ, ಮರುದಿನ ಕಂಬಳಿ ಓಣಿಯ ತುಂಬ ಹಣೆಗೆ ಹಣೆ ಹಚ್ಚಿ ನಿಂತವರೇ. ಪಡ್ಡೆ ಹುಡುಗರು ನಾಚಿಕೊಂಡು ಬೇರೆ ಉಪಾಯ ಹುಡುಕಿದರು: ಕಬ್ಬಿನ ಗಳ. ಒಂದು ತುದಿ ಇವನ ಹಲ್ಲಲ್ಲಿ, ಇನ್ನೊಂದು ಅವನ ಹಲ್ಲಲ್ಲಿ. ಮಾತು ಗಳದೊಳಗೆ ಹರಿದು ಹೋಗುತ್ತಿತ್ತು. ಮಾತು ಉದ್ದವಾದಷ್ಟೂ ಕಬ್ಬು ಗಿಡ್ಡವಾಗುತ್ತಿತ್ತು. ಕಬ್ಬಿನ ಹಾಲಿನ ಗಾಡಿಯ ಮೌಲಾಲಿ ಗಾಣ ನಿಲ್ಲಿಸಿ ಗಳಗಳನ್ನೇ ಮಾರತೊಡಗಿದ. ಜಗಳಕ್ಕೆ ಉದ್ದನೆಯದು, ಗುಟ್ಟಿಗೆ ಗಿಡ್ಡನೆಯದು. ಮೊಬೈಲಿನಲ್ಲಿ ಬರೆದು ತೋರಿಸುವವರು ತೋರಿಸಿದರು. ಆದರೆ ಹಾಲು ಉಕ್ಕುವಾಗ ಯಾರು ಬರೆಯುತ್ತ ಕೂರುತ್ತಾರೆ?

ಮಾತಾಡಬೇಕೆಂದರೆ ಮುಟ್ಟಬೇಕು. ಸಾವಿರ ಭಾಷಣ, ನೂರು ಕಾಯಿದೆ ಮಾಡಲಾಗದ್ದನ್ನು ಒಬ್ಬ ಸಾಹೇಬನ ತಪ್ಪು ಮಾಡಿಟ್ಟಿತ್ತು. ಬಡಾವಣೆಯವರಿಗೆ ಇದು ತಡವಾಗಿ ತಿಳಿಯಿತು. ತಿಳಿದ ಮೇಲೂ ಗೇಟಿನೊಳಗೆ ನಿಂತು ಕೈಸನ್ನೆ ಮಾಡಿದರು. ಕಸದ ಡಬ್ಬಿ ತೋರಿಸಲು ಕೈಸನ್ನೆ ಸಾಕು. ಮನಸ್ಸಿನ ಮಾತಿಗೆ ಸಾಲದು.

ಬುಧವಾರ ಮುಂಜಾನೆ ವಿಮಲಾಬಾಯಿ ಗೇಟಿನ ಹತ್ತಿರ ಬಂದು ನಿಂತರು. ವರ್ಷಗಟ್ಟಲೆ ಅವರು ದುರುಗವ್ವನಿಗೆ ಹಳೆಯ ಸೀರೆ ಕೊಟ್ಟದ್ದು ಆ ಗೇಟಿನ ಮೇಲಿಂದ ಬೀಳಿಸಿ. ಈಗ ಅವರ ಬಾಯಿ ಆಡುತ್ತಿತ್ತು, ಕಣ್ಣಲ್ಲಿ ನೀರಿತ್ತು. ದುರುಗವ್ವ ಕಸಬರಿಗೆ ಗೋಡೆಗೆ ಆನಿಸಿ ತನ್ನ ಹಣೆಯನ್ನು ಬೆರಳಿನಿಂದ ತೋರಿಸಿದಳು. ಬೇಕಾದರೆ ಬಾ.

ವಿಮಲಾಬಾಯಿ ರಸ್ತೆಯ ಆ ತುದಿ ನೋಡಿದರು, ಈ ತುದಿ ನೋಡಿದರು. ಚಿಲಕ ತೆಗೆದರು. ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಬಗ್ಗಿದರು.

"ನನ್ನ ತಂಬೂರಿ ಸತ್ತದ, ದುರುಗವ್ವಾ."

"ನಮ್ಮ ಡೊಳ್ಳೂ ಸತ್ತೈತ್ರಿ ಬಾಯಾರ. ನೀವ ಕೊಂದದ್ದು."

ಹಣೆ ಸರಿಯಲಿಲ್ಲ. "ಹೌದು" ಎಂದು ಬಂತು. ಆಮೇಲೆ: "ತಲಿಗೆ ಏನ ಹಚ್ಚೀದಿ? ಛಂದ ವಾಸನಿ ಬರತದ."

"ಕೊಬ್ಬರಿ ಎಣ್ಣಿ ರೀ. ದಿನಾ ಅದನ್ನ ಹಚ್ಚತೇನಿ. ನಿಮಗ ಇವತ್ತ ಗೊತ್ತಾತೇನ್ರಿ?"

ಇಬ್ಬರೂ ನಕ್ಕರು. ಎಲುಬಿನೊಳಗೆ ನಗು ಹೇಗೆ ಕೇಳುತ್ತದೆಂದು ಅನುಭವಿಸಿದವರಿಗೇ ಗೊತ್ತು. ಬೇರೆಯವರ ನಗು ನಿಮ್ಮ ತಲೆಯಲ್ಲೇ ಹುಟ್ಟಿದಂತಿರುತ್ತದೆ.

ಆದರೆ ಶನಿವಾರ ಹತ್ತಿರವಾಗುತ್ತಿತ್ತು. ಸಭೆಯಲ್ಲಿ ಒಂದೇ ಒಂದು ಆಕ್ಷೇಪಣೆ ಕೇಳಿಬರದಿದ್ದರೆ ಈ ಓಣಿ ಖಾಯಂ ಮೂಕ. ಹಾಡಿಲ್ಲ, ಬೈಗುಳವಿಲ್ಲ, ಕೂಸು ಅತ್ತರೆ ತಿಳಿಯುವುದಿಲ್ಲ. ಆ ಸಂಜೆ ಕಸ್ತೂರಿ ಅವ್ವನ ಹಣೆಗೆ ಹಣೆ ಹಚ್ಚಿ ಕೂತಳು.

"ಎಂಬತ್ತೈದು ಹರ್ಟ್ಸಿನ ಕೆಳಗಿಂದನ್ನ ಅದು ಮುಟ್ಟಂಗಿಲ್ಲ ಅವ್ವಾ. ಅಂಥಾ ಸದ್ದು ಒಂದು ನಮಗ ಬೇಕು."

"ಹರ್ಟ್ಸ್ ಅಂದ್ರ ಏನವಾ ಅದು? ತೂಕದ್ದೋ, ಅಳತಿದ್ದೋ?"

ಕಸ್ತೂರಿ ಕಾಲಿನಿಂದ ತೊಟ್ಟಿಲು ತೂಗುತ್ತ ಹೇಳಿದಳು. "ತೊಟ್ಟಿಲಾ ಒಂದು ಸೆಕೆಂಡಿಗೆ ಒಂದು ಸಲ ಹೋಗಿ ಬಂದ್ರ ಒಂದು ಹರ್ಟ್ಸ್. ಈಗ ನೋಡು, ಹೋಗಿ ಬರಾಕ ಎರಡು ಸೆಕೆಂಡ್ ಹಿಡಿಯಾಕತ್ತೈತಿ. ಇದು ಅರ್ಧ ಹರ್ಟ್ಸ್. ಡೊಳ್ಳಿನ ಚರ್ಮಕ್ಕ ಹೊಡದ್ರ ಅದೂ ಹಿಂಗ ಹೋಗಿ ಬಂದು ಮಾಡತೈತಿ, ಕಣ್ಣಿಗೆ ಕಾಣದಷ್ಟು ಜಲ್ದಿ."

"ಎಷ್ಟು ಜಲ್ದಿ?"

ಕಸ್ತೂರಿ ಎದ್ದು ಗೂಟಕ್ಕೆ ತೂಗುಹಾಕಿದ್ದ ಡೊಳ್ಳನ್ನು ಇಳಿಸಿ, ಅದರ ಕಟ್ಟಿಗೆಯ ಮೈಮೇಲೆ ತನ್ನ ಮೊಬೈಲನ್ನು ಇಟ್ಟಳು. ದುರುಗವ್ವ ಡೊಳ್ಳು ಬಡಿಯುವ ಕೋಲು, ಗುಣಿಯಿಂದ ಒಂದೇಟು ಹಾಕಿದಳು. ಕಿವಿಗೆ ಏನೂ ಬೀಳಲಿಲ್ಲ. ಮರದ ನಡುಕ ಹಿಡಿದ ಮೊಬೈಲು ಮಾತ್ರ ತೊಂಬತ್ತೈದು ಹರ್ಟ್ಸ್ ಎಂದು ತೋರಿಸಿತು. ಮಗಳು ಮತ್ತೆ ಹಣೆ ಹಚ್ಚಿದಳು.

"ಹತ್ತು ಹರ್ಟ್ಸ್ ಜಾಸ್ತಿ ಆತವ್ವಾ. ಹುರಿ ಸಡಲ ಮಾಡಬೇಕು."

ಹಣೆ ಸರಕ್ಕನೆ ಹಿಂದೆ ಸರಿಯಿತು. ಸಡಿಲ ಡೊಳ್ಳು! ಬಿಗಿ ಇಲ್ಲದ ಡೊಳ್ಳು ಹೊತ್ತು ಕುಣಿಯುವುದೆಂದರೆ ಮೇಳದವರಿಗೆ ಮಾನ ಹೋದಂತೆ. ಬಿಸಿಲಿಗೆ ಕಾಸಿ, ಹುರಿ ಎಳೆದೆಳೆದು, ಚರ್ಮ ಕಟ್ಟುಮಸ್ತಾಗುವವರೆಗೆ ದುರುಗವ್ವ ಕೋಲು ಮುಟ್ಟಿದವಳಲ್ಲ. ಕಲಿಸಿದ ಮುದುಕಪ್ಪ ಮೊದಲ ದಿನ ಹೇಳಿದ್ದೇ ಅದು: ಹುರಿ ಸಡಿಲಾದರೆ ಡೊಳ್ಳು ಕೆಳಗಿಡು.

ಆಕೆ ತೊಟ್ಟಿಲ ಕಡೆ ನೋಡಿದಳು. ಕೂಸಿನ ಬಾಯಿ ಮತ್ತೆ ತೆರೆದಿತ್ತು, ಸದ್ದಿಲ್ಲದೆ. ದುರುಗವ್ವ ಕೂಸನ್ನೆತ್ತಿ ಮಗಳ ಕೈಗೆ ಕೊಟ್ಟು, ನೆಲಕ್ಕೆ ಕೂತು, ಹುರಿಯ ಗಂಟಿಗೆ ಕೈ ಹಾಕಿದಳು.

ಗುರುವಾರ ಮೇಳವೆಲ್ಲ ಓಣಿಯ ಬಯಲಿನಲ್ಲಿ ಸೇರಿತು. ಹುರಿ ಸಡಿಲಿಸಿದರು. ತೊಂಬತ್ತು. ಒದ್ದೆ ಬಟ್ಟೆಯಿಂದ ಚರ್ಮ ಒರೆಸಿದರು. ಎಂಬತ್ತೆಂಟು. ಇನ್ನೊಂದು ಸುತ್ತು ಸಡಿಲ, ಇನ್ನಷ್ಟು ನೀರು. ಗುಣಿ ಎತ್ತಿ ದುರುಗವ್ವ ಹೊಡೆದಳು.

ಧಂ.

ಕೋಲಿನ ಚಟ್ ಎಂಬ ಸದ್ದಿಲ್ಲ, ಅಂಚಿನ ಖಣಖಣವಿಲ್ಲ. ಬರೀ ಹೊಟ್ಟೆಯ ಸದ್ದು, ಭೂಮಿ ಕೆಮ್ಮಿದಂತೆ. ಆದರೆ ಸದ್ದು! ಸೋಮವಾರದಿಂದ ಗಾಳಿಯಲ್ಲಿ ಯಾರಿಗೂ ಒಂದು ಪಿಸುಮಾತೂ ಕೇಳಿಸದಿದ್ದ ಊರಿನಲ್ಲಿ ಸದ್ದು! ಹೆಂಗಸರು ಬಾಯಿಗೆ ಕೈ ಹೊಡೆದುಕೊಂಡು ಮೂಕ ಕೇಕೆ ಹಾಕಿದರು. ನಾಯಿಗಳು ಓಡಿ ಬಂದವು. ಬಡಾವಣೆಯ ಮಾಳಿಗೆಗಳ ಮೇಲೆ ತಲೆಗಳು ಮೂಡಿದವು, ಮತ್ತು ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ಕೆಂಪು ದೀಪ ಹತ್ತಿತು. ಇನಾಮದಾರರು ಕುರ್ಚಿಯಿಂದ ಜಿಗಿದರು.

"ಏನದು? ಕಂಬಳಿ ಓಣಿ? ನುಂಗಸು ಅದನ್ನ!"

"ಎಪ್ಪತ್ತೆಂಟು ಹರ್ಟ್ಸ್ ಐತ್ರಿ ಸರ್," ಎಂದಳು ಆಗಷ್ಟೇ ಪಾಳಿಗೆ ಬಂದು ಕೂತಿದ್ದ ಕಸ್ತೂರಿ, ಮುಖ ಗಂಟು ಹಾಕಿಕೊಂಡು. "ಎಂಬತ್ತೈದು ಹರ್ಟ್ಸಿನ ಒಳಗ. ನಿಮ್ಮ ಆದೇಶದ ಪ್ರಕಾರ ಕಾನೂನುಬದ್ಧ."

"ಮಿತಿ ಇಳಸು!"

"ಆದೇಶ ಹೊರಗ ಬಿದ್ದೈತ್ರಿ ಸರ್. ತಿದ್ದಾಕ ನಾನ್ಯಾರ್ರಿ?"

ಶನಿವಾರ ಸಭಾಭವನ ಕಿಕ್ಕಿರಿದಿತ್ತು, ಮತ್ತು ಸ್ಮಶಾನದಷ್ಟು ಮೌನವಾಗಿತ್ತು. ವೇದಿಕೆಯ ಮೇಲೆ ಆಲಿಸುವ ಪೆಟ್ಟಿಗೆ. ಸಭೆಯಲ್ಲಿ ಕೇಳಿಬಂದದ್ದನ್ನು ಅದು ಗೋಡೆಯ ಪರದೆಯ ಮೇಲೆ ತೋರಿಸುತ್ತದೆ, ನಿಯಂತ್ರಣ ಕೊಠಡಿಗೂ ಮುಟ್ಟಿಸುತ್ತದೆ. ಅದಕ್ಕೆ ಕೇಳದ್ದು ಕೇಳಿಬಂದಂತಲ್ಲ. ಆಕ್ಷೇಪಣೆ ಹೇಳುವವರು ವೇದಿಕೆ ಹತ್ತಿ ಅದನ್ನು ಮುಟ್ಟುವಂತಿಲ್ಲ, ಕೂತಲ್ಲೇ ಎದ್ದು ನಿಂತು ಹೇಳಬೇಕು. ಒಬ್ಬೊಬ್ಬರಾಗಿ ಎದ್ದು ಬಾಯಿ ಹರಿಯುವಂತೆ ಕೂಗಿದರು. ಗಂಟಲ ನರ ಉಬ್ಬಿದವು. ಪರದೆ ಖಾಲಿ. ಇನಾಮದಾರರು ಗಡಿಯಾರ ನೋಡಿಕೊಂಡು, ಖಾಯಂ ಆದೇಶಕ್ಕೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದರು.

ಧಂ.

ಪೆನ್ನು ಕೈಯಿಂದ ಜಾರಿತು. ಪರದೆಯ ಮೇಲೆ ಅಕ್ಷರ ಮೂಡಿತು: 'ಕೇಳಿಬಂದಿದೆ. ಎಪ್ಪತ್ತೆಂಟು ಹರ್ಟ್ಸ್.'

ಬಾಗಿಲಲ್ಲಿ ದುರುಗವ್ವ, ಅವಳ ಹಿಂದೆ ಮೇಳ. ಸಡಿಲ ಡೊಳ್ಳು, ನೆಟ್ಟನೆಯ ನಡು. ಧಂ, ಧಂ, ಧಧಂ. ಬೆಂಚುಗಳು ನಡುಗಿದವು, ಸಾಹೇಬರ ಲೋಟದ ನೀರು ನಡುಗಿತು, ಸಭೆಯ ಎದೆಗಳೆಲ್ಲ ಒಂದೇ ಎದೆಯಾದವು. ಇನಾಮದಾರರು ಎರಡೂ ಕೈ ಅಡ್ಡ ಆಡಿಸಿದರು: ಇದು ಬರೀ ಸದ್ದು, ಆಕ್ಷೇಪಣೆ ಅಲ್ಲ, ಅಲ್ಲ!

ಆಗ ನಿಯಂತ್ರಣ ಕೊಠಡಿಯಲ್ಲಿದ್ದ ಕಸ್ತೂರಿ ಅವರದೇ ಆದೇಶದ ಮುನ್ನುಡಿಯನ್ನು ಪರದೆಗೆ ಬಿಟ್ಟಳು. 'ಸಂಜೆಯ ಈ ಡೊಳ್ಳು ಬರೀ ಸದ್ದಲ್ಲ. ಅದು ಓಣಿಯವರು ನಮ್ಮ ವಿರುದ್ಧ ದಿನಾ ಸಲ್ಲಿಸುವ ಆಕ್ಷೇಪಣೆ.' ಕೆಳಗೆ ಸಾಹೇಬರ ಸಹಿ.

ಸಭೆ ನಕ್ಕಿತು. ಭುಜಗಳು ಕುಲುಕಿದವು, ಹೊಟ್ಟೆಗಳು ಕುಣಿದವು, ಒಂದು ಕಿಸಕ್ಕೂ ಕೇಳಲಿಲ್ಲ. ಸದ್ದಿಲ್ಲದ ನಗುವಿನಷ್ಟು ಭಯಂಕರವಾದದ್ದು ಅಧಿಕಾರಿಗೆ ಇನ್ನೊಂದಿಲ್ಲ. ನಿಲ್ಲಿಸಿ ಎನ್ನಲೂ ಬರುವುದಿಲ್ಲ. ಸಾಹೇಬರು ಕೊನೆಯ ಆಸೆಯಿಂದ ಮುಂದಿನ ಸಾಲಿನಲ್ಲಿ ಕೂತ ವಿಮಲಾಬಾಯಿಯವರತ್ತ ತಿರುಗಿದರು. ಆ ವಾಕ್ಯ ಬರೆದವರು ಅವರೇ. ತಲೆ ಅಲ್ಲಾಡಿಸಿದರೆ ಸಾಕು.

ವಿಮಲಾಬಾಯಿ ಎದ್ದರು. ನೇರ ದುರುಗವ್ವನ ಬಳಿ ಹೋಗಿ ಕೈ ಚಾಚಿದರು. ದುರುಗವ್ವ ಗುಣಿ ಕೊಟ್ಟಳು. ಮೊದಲನೇ ಏಟು ಓರೆಯಾಗಿ ಬಿತ್ತು. ಎರಡನೆಯದರಿಂದ ಲಯ ಹಿಡಿಯಿತು. ಜೀವಮಾನವಿಡೀ ಲಯ ಕಲಿಸಿದ ಕೈ ಅದು. ಧಂ. ಧಂ. ಧಧಂ. ಪರದೆ: 'ಕೇಳಿಬಂದಿದೆ. ಕೇಳಿಬಂದಿದೆ. ಕೇಳಿಬಂದಿದೆ.'

ಇನಾಮದಾರರು ಸೋತು ಬಾಯಿ ತೆರೆದರು. ಆದರೆ ನಿಯಮ ನಿಯಮವೇ: ತೀರ್ಪೂ ಕೇಳಿಬರಬೇಕು. ಅವರ ತುಟಿ ಆಡಿತು, ಪರದೆ ಖಾಲಿ. ಮತ್ತೆ ಆಡಿತು. ಖಾಲಿ. ದುರುಗವ್ವ ಮೌಲಾಲಿಯ ಕೈಯಿಂದ ಒಂದು ಕಬ್ಬಿನ ಗಳ ಇಸಿದುಕೊಂಡು, ಸೆರಗಿನಿಂದ ಒರೆಸಿ, ಒಂದು ತುದಿಯನ್ನು ಆಲಿಸುವ ಪೆಟ್ಟಿಗೆಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸಾಹೇಬರ ಬಾಯಿಗೆ ಒಡ್ಡಿದಳು.

ಕರಿಗುಡ್ಡ ನಗರದ ಅಧಿಕಾರಿ ಇಡೀ ಸಭೆಯೆದುರು ಕಬ್ಬು ಕಚ್ಚಿದರು.

"ಆದೇಶ ಹಿಂಪಡೆಯಲಾಗಿದೆ," ಎಂದು ನಿಯಂತ್ರಣ ಕೊಠಡಿಯ ಧ್ವನಿಪೆಟ್ಟಿಗೆ ರಸ ತುಂಬಿದ ದನಿಯಲ್ಲಿ ಉಸುರಿತು.

ಕಸ್ತೂರಿ ಪರದೆಗೆ ಬರೆದಳು: 'ಹರ್ಟ್ಸ್ ಸರಿ ಇದೆ ಸರ್. ಡೆಸಿಬಲ್ ಸಾಲದು. ಇನ್ನೂ ಗಟ್ಟಿಯಾಗಿ ಹೇಳಿರಿ.'

ಸಾಹೇಬರು ಕಣ್ಣು ಮುಚ್ಚಿ, ಕಬ್ಬು ಕಟಕ್ಕೆನ್ನುವಷ್ಟು ಕಚ್ಚಿ, ಇನ್ನೊಮ್ಮೆ ಒದರಲು ಉಸಿರೆಳೆದುಕೊಂಡರು. ಕಸ್ತೂರಿ ಲೇಪ ನಿಲ್ಲಿಸುವ ಗುಂಡಿ ಒತ್ತಿದಳು.

"ಹಿಂಪಡೆಯಲಾಗಿದೇಏಏ!" ಎಂಬ ಕೂಗು ಗಾಳಿಯಲ್ಲೇ ಮೊಳಗಿ ಸಭಾಭವನದ ಸೂರಿಗೆ ಬಡಿಯಿತು. ಅದರ ಬೆನ್ನಿಗೇ, ಆ ಕೂಗಿಗೆ ಬೆಚ್ಚಿದ ಕಸ್ತೂರಿಯ ಕೂಸು ಮೇಳದವಳೊಬ್ಬಳ ಬಗಲಲ್ಲಿ ಕಿಟಾರನೆ ಅತ್ತಿತು. ಅತ್ತ ಕೂಸಿಗೆ ಇಡೀ ಸಭೆ ಚಪ್ಪಾಳೆ ತಟ್ಟಿದ್ದು ಊರಿನ ಚರಿತ್ರೆಯಲ್ಲಿ ಅದೇ ಮೊದಲು. ಚಪ್ಪಾಳೆ ಕೇಳಿಸಿತು. ಶಿಳ್ಳೆ ಕೇಳಿಸಿತು. ಹೊರಗೆ ಕಾಗೆಗಳು ಬಾಕಿ ಉಳಿದದ್ದನ್ನೆಲ್ಲ ಒಮ್ಮೆಲೇ ಕೂಗಿದವು.

ಈಗ ಓಣಿಯ ಹುಡುಗಿಯರು ಹಗ್ಗ ಜಿಗಿಯುವಾಗ "ನಂದು ಎರಡು ಹರ್ಟ್ಸ್, ನಿಂದು ಒಂದೂವರೀನೂ ಇಲ್ಲ" ಎಂದು ಜಗಳವಾಡುತ್ತಾರೆ. ಡೊಳ್ಳುಗಳು ಹುರಿ ಬಿಗಿದುಕೊಂಡು ಮತ್ತೆ ತೊಂಬತ್ತೈದು ಹರ್ಟ್ಸಿಗೆ ಏರಿವೆ. ಒಂದನ್ನು ಮಾತ್ರ ದುರುಗವ್ವ ಸಡಿಲವಾಗಿಯೇ ಇಟ್ಟಿದ್ದಾಳೆ, ಯಾವಾಗ ಬೇಕಾಗುತ್ತದೋ ಯಾರಿಗೆ ಗೊತ್ತು.

ಮುಂಜಾನೆ ಆಕೆ ಬಡಾವಣೆಯ ರಸ್ತೆ ಗುಡಿಸುತ್ತಿದ್ದರೆ ಸರಕ್, ಸರಕ್ ಎಂಬ ಸದ್ದು ಮನೆಮನೆಗೂ ಕೇಳುತ್ತದೆ. ಅದರ ಹಿಂದೆಯೇ ಗೇಟಿನ ಚಿಲಕದ ಸದ್ದು. ವಿಮಲಾಬಾಯಿ ರಸ್ತೆಗೆ ಇಳಿದು ಬಂದು ಎದುರಿಗೆ ನಿಲ್ಲುತ್ತಾರೆ, ಬಗ್ಗುತ್ತಾರೆ.

"ಈಗ ಎಲ್ಲಾ ಕೇಳತೈತಲ್ರಿ ಬಾಯಾರ. ಅಲ್ಲಿಂದನ ಹೇಳ್ರಿ."

"ಅಲ್ಲಿಂದ ಹೇಳಿದ್ರ ಕೇಳತದ ಅಷ್ಟ," ಎನ್ನುತ್ತಾರೆ ವಿಮಲಾಬಾಯಿ. "ತಿಳಿಯೂದಿಲ್ಲ. ಹಣಿ ತಾ."